ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮತ್ತೆ

ನಮ್ಮತ್ತೆ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದದ್ದು ಸೀರೆ ಮಾರುವುದಕ್ಕಲ್ಲ, ಸೀರೆ ಮಾರಾಟವಾಗದಂತೆ ನೋಡಿಕೊಳ್ಳುವುದಕ್ಕೆ ಎಂದರೆ ನೀವು ನಂಬುವುದಿಲ್ಲ. ನಂಬಬೇಕಾದರೆ ಹೊಸೂರಿನ ಬಜಾರಿನಲ್ಲಿದ್ದ ಆ ಜವಳಿ ಅಂಗಡಿಗೆ ದೀಪ ಹಾಕಿದ ಮೇಲೆ ಬರಬೇಕಿತ್ತು. ಬೆಳಿಗ್ಗೆ ಬಂದಿದ್ದರೆ ಮೋಸ ಹೋಗುತ್ತಿದ್ದಿರಿ. ಬೆಳಿಗ್ಗೆ ಆಕೆ ಬೇರೆಯೇ ಹೆಂಗಸು. ಬಂದವರನ್ನು ಕೂರಿಸಿ, ನೀರು ಕೊಟ್ಟು, ಕೇಳದ ಸೀರೆಯನ್ನೂ ಬಿಚ್ಚಿ ಹಾಸಿ, ಊರಿನ ಸಮಾಚಾರವನ್ನೂ ವಿಚಾರಿಸಿ ಕಳಿಸುತ್ತಿದ್ದರು. ಸಂಜೆಯಾಗುತ್ತಿದ್ದ ಹಾಗೆ ಅದೇ ಬಾಯಿಂದ ಸತ್ಯ ಹೊರಡಲು ಶುರುವಾಗುತ್ತಿತ್ತು. ವ್ಯಾಪಾರದಲ್ಲಿ ಸತ್ಯಕ್ಕಿಂತ ಅಪಾಯದ ವಸ್ತು ಇನ್ನೇನಿದೆ ಹೇಳಿ!

"ಆ ಹಸಿರು ಸೀರೆ ತೋರಿಸಿ" ಎಂದು ಯಾರಾದರೂ ಬೆರಳು ಮಾಡಿದರೆ ಅತ್ತೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ.

"ಅದು ಬ್ಯಾಡಮ್ಮ. ಒಂದು ಒಗೆತಕ್ಕೆ ಬಣ್ಣವೆಲ್ಲ ಬಕೀಟಿಗೆ ಹೋಯ್ತದೆ."

ಇದನ್ನು ಕೇಳಿ ಗಲ್ಲಾದಲ್ಲಿ ಕೂತ ಅಂಗಡಿ ಯಜಮಾನರಿಗೆ ಕೆಮ್ಮು ಬರುತ್ತಿತ್ತು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ಸೋದರತ್ತೆ. ಗಂಡ ತೀರಿಹೋದ ಮೇಲೆ ಆ ಅಂಗಡಿ ಸೇರಿದ್ದರು. ಎಂಬತ್ತರ ದಶಕದ ಶುರುವಿನಲ್ಲಿ, ನನಗೆ ಮದುವೆಯಾದ ಹೊಸತರಲ್ಲಿ, ನನ್ನನ್ನೂ ಅಲ್ಲಿಗೆ ಸೇರಿಸಿದರು. ನನ್ನ ಗಂಡ ಆಗ ತಾನೇ ಬಂದ ಕಾರ್ಖಾನೆಯೊಂದರಲ್ಲಿ ಟ್ರೈನಿ. ಇಬ್ಬರು ದುಡಿಯದೆ ಮನೆ ನಡೆಯುವಂತಿರಲಿಲ್ಲ. ನಾನು, ಅತ್ತೆ ಇಬ್ಬರೂ ಕೆಲಮಂಗಲದಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುವುದು, ರಾತ್ರಿ ಊಟದ ಹೊತ್ತಿಗೆ ಕಡೆಯ ಬಸ್ಸಿನಲ್ಲಿ ಹೋಗುವುದು. ಆ ಬಸ್ಸು ತಪ್ಪಿದರೆ ಹೊಸೂರಿನಲ್ಲಿ ನಮಗೆ ತಲೆ ಇಡಲು ಜಾಗವಿರಲಿಲ್ಲ.

ಯಜಮಾನರನ್ನು ಎಲ್ಲರ ಹಾಗೆ ನಾವೂ ಮೊದಲಾಳಿ ಎನ್ನುತ್ತಿದ್ದೆವು. ಕೆಟ್ಟವರಲ್ಲ. ಒಮ್ಮೆ ಮದರಾಸಿಗೆ ಹೋಗಿ ಬಂದಿದ್ದರು, ಅಷ್ಟೇ. ಅಲ್ಲಿ ಒಂದು ದೊಡ್ಡ ಸೀರೆ ಅಂಗಡಿಯನ್ನು ಬಾಗಿಲು ತೆಗೆಯುವ ಹೊತ್ತಿಗೆ ನೋಡಿದ್ದರಂತೆ. ಒಂದು ಸೀರೆ ಆಚೆ ಈಚೆ ಇಲ್ಲ, ಅಂಚೆಲ್ಲ ಮುಂದಕ್ಕೆ, ಬಣ್ಣವೆಲ್ಲ ವರಸೆಯಾಗಿ, ನೆಲ ಕನ್ನಡಿಯಂತೆ. ನಮ್ಮ ಅಂಗಡಿಯೂ ಹಾಗೇ ಇರಬೇಕು ಎಂದು ಬಂದವರೇ ಅಪ್ಪಣೆ ಮಾಡಿದರು. ಮದರಾಸಿನ ಅಂಗಡಿಯಲ್ಲಿ ಹಿಂದಿನ ಸಂಜೆ ಎಷ್ಟು ಜನ ಸೇರಿ ಅದನ್ನೆಲ್ಲ ಮಾಡಿದ್ದರು ಎಂಬುದನ್ನು ಮಾತ್ರ ಅವರು ವಿಚಾರಿಸಿರಲಿಲ್ಲ. ನಮ್ಮಲ್ಲಿ ಇದ್ದವರು ನಾನು, ಅತ್ತೆ, ಗಂಡಸರ ಬಟ್ಟೆಗಳನ್ನು ನೋಡಿಕೊಳ್ಳುತ್ತಿದ್ದ ಗೋವಿಂದಣ್ಣ. ಶಟರು ಅರ್ಧ ಎಳೆದ ಮೇಲೆ ಆ ದಿನ ಬಿಚ್ಚಿದ ಸೀರೆಯನ್ನೆಲ್ಲ ಹಳೆಯ ಮಡಿಕೆಯ ಗೆರೆಯ ಮೇಲೇ ಮಡಿಸಬೇಕು, ವರಸೆಗೆ ಜೋಡಿಸಬೇಕು, ಗುಡಿಸಿ ಒರೆಸಬೇಕು, ಗಾಜಿನೊಳಗಿನ ಬೊಂಬೆಗೆ ಬೇರೆ ಸೀರೆ ಉಡಿಸಬೇಕು. ಆಮೇಲೆ ಬಸ್ಸು ಹಿಡಿಯಬೇಕು.

"ಒಂದು ಕಾಫಿ ಕುಡಿಯೋ ಹೊತ್ತಿನ ಕೆಲಸ" ಎನ್ನುತ್ತಿದ್ದರು ಮೊದಲಾಳಿ.

"ಹೌದು, ಗಿಡ ನೆಟ್ಟು, ಬೀಜ ಬಿಡಿಸಿ, ಹುರಿದು, ಪುಡಿ ಮಾಡ್ಕೊಂಡು ಕುಡಿಯೋ ಹೊತ್ತು" ಎನ್ನುತ್ತಿದ್ದರು ಅತ್ತೆ, ನನಗೆ ಮಾತ್ರ ಕೇಳುವಂತೆ.

ಕಾರ್ಖಾನೆಗಳು ಬಂದ ಮೇಲೆ ಇನ್ನೊಂದು ಫಜೀತಿ ಶುರುವಾಯಿತು. ಮಧ್ಯಾಹ್ನವೆಲ್ಲ ನೊಣ ಹೊಡೆಯುತ್ತಿದ್ದ ಅಂಗಡಿಗೆ ಶಿಫ್ಟು ಬಿಟ್ಟ ಮೇಲೆ ಸಂಸಾರ ಸಮೇತ ಜನ ನುಗ್ಗುತ್ತಿದ್ದರು. ಅವರು ಬಿಚ್ಚಿಸಿದ ಪ್ರತಿಯೊಂದು ಸೀರೆಯೂ ನಮ್ಮ ಬಸ್ಸಿಗೆ ಅಡ್ಡ ಹಾಕಿದ ಕಲ್ಲು. ಅತ್ತೆಯ ಸತ್ಯನಿಷ್ಠೆಯ ಮೂಲ ಇದು!

ಗಡಿಯಾರದ ವಿಷಯವನ್ನೂ ಹೇಳಬೇಕು. ಮೇಲಿನ ರ್ಯಾಕಿನ ಪಕ್ಕ ತೂಗುಹಾಕಿದ್ದ ಗಡಿಯಾರ ಯಾವಾಗಲೂ ಹಿಂದೆ. ಕೆಟ್ಟಿರಬೇಕು ಎಂದುಕೊಂಡಿದ್ದೆ. ಕೀ ಕೊಡುವ ನೆಪದಲ್ಲಿ ಗೋವಿಂದಣ್ಣನ ಕೈಯಲ್ಲಿ ಮೊದಲಾಳಿಯೇ ಮುಳ್ಳನ್ನು ಹಿಂದಕ್ಕೆ ತಳ್ಳಿಸುತ್ತಿದ್ದಾರೆ ಎಂದು ಪತ್ತೆ ಹಚ್ಚಿದವರು ಅತ್ತೆ. ಆಕೆ ಜಗಳವಾಡಲಿಲ್ಲ. ಕೈಗಡಿಯಾರ ಕಟ್ಟಿದ ಗಂಡಸು ಒಳಗೆ ಬಂದರೆ ಸಾಕು, ತಮಿಳಿನಲ್ಲೋ ತೆಲುಗಿನಲ್ಲೋ ಕನ್ನಡದಲ್ಲೋ, ಮುಖ ನೋಡಿ ಭಾಷೆ ಆರಿಸಿಕೊಂಡು, ಟೈಮೆಷ್ಟು ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ಆತ ಕೈ ನೋಡಿಕೊಂಡು ಗಾಬರಿಯಾಗಿ, ಇನ್ನೂ ಪಲ್ಲು ನೋಡುತ್ತಿದ್ದ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟೇಬಿಡುತ್ತಿದ್ದ. ಒಂದೇ ವಾರದಲ್ಲಿ ಮೊದಲಾಳಿ ಗಡಿಯಾರ ಸರಿ ಮಾಡಿಸಿದರು.

ಬೊಂಬೆಯನ್ನು ಮದರಾಸಿನಿಂದಲೇ ತರಿಸಿದ್ದು. ಅದಕ್ಕೆ ಸೀರೆ ಉಡಿಸುವುದೆಂದರೆ ಮದುವಣಗಿತ್ತಿಯನ್ನು ಸಿಂಗರಿಸಿದಷ್ಟು ಹೊತ್ತು. ಒಂದು ದಿನ ಬಸ್ಸಿಗೆ ತೀರ ಹೊತ್ತಾಗಿತ್ತು. ಅತ್ತೆ ಎರಡು ಸುತ್ತು ಸುತ್ತಿ, ಸೆರಗನ್ನು ಸೊಂಟಕ್ಕೆ ಬಿಗಿದು, ನೆರಿಗೆ ಎತ್ತಿ ಕಟ್ಟಿ ಕೈಬಿಟ್ಟರು. ರಾಗಿ ಕಳೆ ತೆಗೆಯಲು ಹೊರಟವಳ ಹಾಗೆ ಬೊಂಬೆ ಗಾಜಿನೊಳಗೆ ನಿಂತಿತು. ಬೆಳಿಗ್ಗೆ ಮೊದಲಾಳಿ, ಇದೇನಕ್ಕ, ಕಾಲೆಲ್ಲ ಕಾಣುತ್ತಿದೆ ಎಂದು ಕೂಗಾಡಿದರು. ಅವಳೂ ಬಸ್ ಹತ್ತಬೇಕಲ್ಲ ಮೊದ್ಲಾಳಿ ಎಂದು ಅತ್ತೆ ಸಮಾಧಾನವಾಗಿ ಉತ್ತರ ಕೊಟ್ಟರು.

ಹೀಗೆ ನಗುತ್ತಾ, ಓಡುತ್ತಾ ದಿನ ಕಳೆಯುತ್ತಿದ್ದೆವು, ನಾನು ಬಸುರಿಯಾಗುವವರೆಗೆ.

ಹಿಂದಿನ ವರ್ಷ ಒಂದು ಬಸುರು ಉಳಿದಿರಲಿಲ್ಲ. ಈ ಸಲ ಆಸ್ಪತ್ರೆಯ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದರು: ಭಾರ ಎತ್ತಬಾರದು, ಮೆಟ್ಟಿಲು ಏಣಿ ಹತ್ತಬಾರದು, ಬಗ್ಗಿ ಏಳುವುದು ಕಡಿಮೆ ಮಾಡಬೇಕು. ಇವು ಮೂರನ್ನೂ ಬಿಟ್ಟರೆ ಜವಳಿ ಅಂಗಡಿಯಲ್ಲಿ ಉಳಿಯುವ ಕೆಲಸ ಗಲ್ಲಾದಲ್ಲಿ ಕೂರುವುದು, ಅದು ಮೊದಲಾಳಿಯ ಕೆಲಸ. ಅವರಿಗೆ ಹೇಳಿಬಿಡೋಣವೆಂದರೆ ಧೈರ್ಯವಿಲ್ಲ. ನನಗಿಂತ ಮೊದಲು ಅಲ್ಲಿದ್ದ ಹುಡುಗಿ ಹಾಗೆ ಹೇಳಿದ್ದಕ್ಕೆ ಹೆರಿಗೆ ಮುಗಿಸಿಕೊಂಡು ಬಾಮ್ಮ ಎಂದಿದ್ದರಂತೆ. ಆಕೆ ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಆಕೆಯ ಜಾಗದಲ್ಲಿ ನಾನಿದ್ದೆ.

ಅತ್ತೆ ನನ್ನ ಪಾಲಿನ ಮಡಿಕೆಯನ್ನೂ ತಾವೇ ಮಾಡತೊಡಗಿದರು. ಅದಕ್ಕೊಂದು ಕಾರಣ ಬೇಕಲ್ಲ? ಮೊದಲಾಳಿಯ ಎದುರಿಗೇ ನನ್ನನ್ನು ಬೈಯುವುದು ಎಂದು ತೀರ್ಮಾನ ಮಾಡಿದರು. ಇವಳಿಗೆ ಕೈ ನೆಟ್ಟಗಿಲ್ಲ, ಮಡಿಸಿದ್ದು ಹಂದಿ ಮೆಟ್ಟಿದ ಹಾಗಿದೆ, ಮುಟ್ಟಬೇಡ, ನಾನೇ ಮಾಡುತ್ತೇನೆ ಎಂದು ನನ್ನ ಮುಂದಿನ ರಾಶಿಯನ್ನು ಎಳೆದುಕೊಳ್ಳುವರು. ಆದರೆ ಮೊದಲಾಳಿಗೆ ಎಂದೂ ಇಲ್ಲದ ಕರುಣೆ ಆಗಲೇ ಉಕ್ಕಬೇಕೆ! ಯಾಕಕ್ಕ ಆ ಹುಡುಗಿಯನ್ನು ಹಾಗೆ ಗೋಳು ಹೊಯ್ದುಕೊಳ್ಳುತ್ತೀಯ, ಮಾಡಿ ಮಾಡಿ ಕಲಿಯುತ್ತಾಳೆ ಬಿಡು ಎಂದು ಎದ್ದು ಬಂದು, ತಾವೇ ಸೀರೆಯ ರಾಶಿಯನ್ನು ಎತ್ತಿ ಮತ್ತೆ ನನ್ನ ಮುಂದೆ ಇಟ್ಟು ಹೋಗುತ್ತಿದ್ದರು. ನನ್ನ ಪರ ವಹಿಸಿದ ತೃಪ್ತಿ ಅವರಿಗೆ. ಅವರು ಬೆನ್ನು ತಿರುಗಿಸಿದ ಕೂಡಲೇ ಅತ್ತೆ ಮತ್ತೆ ಎಳೆದುಕೊಳ್ಳುವರು. ನೈಲೆಕ್ಸ್ ಸೀರೆಗಳಂತೂ ಮಡಿಸಿದ ಮರುಗಳಿಗೆ ಜಾರಿ ಬಿಚ್ಚಿಕೊಳ್ಳುತ್ತಿದ್ದವು. ಅತ್ತೆ ಅವುಗಳಿಗೆ ತಮ್ಮ ನಾದಿನಿಯ ಹೆಸರಿಟ್ಟು, ಆ ಹೆಸರು ಹಿಡಿದು ಶಪಿಸುತ್ತಾ ಮಡಿಸುತ್ತಿದ್ದರು. ನನಗೆ ನಗು ಬರುತ್ತಿತ್ತು, ಅದರ ಹಿಂದೆಯೇ ಭಯ. ಇನ್ನೆಷ್ಟು ದಿನ ಹೀಗೆ?

ದೀಪಾವಳಿ ಹತ್ತಿರ ಬಂತು. ಎದುರುಗಡೆ ಹೊಸ ಜವಳಿ ಅಂಗಡಿಯೊಂದು ಮರುದಿನ ಬೆಳಿಗ್ಗೆ ಪೂಜೆ ಮಾಡಿ ತೆರೆಯುವುದರಲ್ಲಿತ್ತು. ಆ ಸಂಜೆಯಿಡೀ ಮೊದಲಾಳಿ ಬಾಗಿಲಲ್ಲಿ ನಿಂತು ಅಲ್ಲಿ ಕಟ್ಟುತ್ತಿದ್ದ ಮಾವಿನ ತೋರಣವನ್ನೇ ನೋಡುತ್ತಿದ್ದರು. ಒಳಗೆ ಜಾತ್ರೆಯಷ್ಟು ಜನ. ಗೋವಿಂದಣ್ಣ ಜ್ವರವೆಂದು ಬಂದಿರಲಿಲ್ಲ. ಕಡೆಯ ಗಿರಾಕಿಯನ್ನು ಸಾಗಹಾಕಿ ಶಟರು ಅರ್ಧಕ್ಕೆ ಎಳೆದಾಗ ಅಂಗಡಿಯ ತುಂಬ ಮೊಣಕಾಲುದ್ದ ಸೀರೆ. ನನ್ನ ಸೊಂಟ ಆಗಲೇ ಬಿದ್ದುಹೋಗಿತ್ತು.

ಆಗ ಮೊದಲಾಳಿ ತಿರುಗಿ ನಿಂತು ಹೇಳಿದರು: ಇದೆಲ್ಲ ಮಡಿಸಿದ ಮೇಲೆ ಮೇಲಿನ ರ್ಯಾಕಿನ ರೇಷ್ಮೆ ಸೀರೆಗಳೆಲ್ಲ ಕೆಳಗೆ ಬರಬೇಕು, ಕೆಳಗಿನ ನೂಲಿನ ಸೀರೆಗಳೆಲ್ಲ ಮೇಲೆ ಹೋಗಬೇಕು. ಇವತ್ತೇ. ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿನವರ ಕಣ್ಣು ಕುಕ್ಕಬೇಕು.

ಅತ್ತೆ ಬಸ್ಸಿನ ಮಾತೆತ್ತಿದರು. ಅವರ ಕಿವಿಗೆ ಬೀಳಲಿಲ್ಲ. ಮೂಲೆಯ ಏಣಿಯನ್ನು ತಂದು ರ್ಯಾಕಿಗೆ ಒರಗಿಸಿ ನನ್ನನ್ನು ಕರೆದರು. "ಅಕ್ಕನಿಗೆ ಮೊಣಕಾಲು ನೋವು. ನೀನು ಚಿಕ್ಕವಳು, ಹತ್ತಮ್ಮ ಬೇಗ. ಸೀಕ್ರಂ, ಸೀಕ್ರಂ."

ನಾನು ಅತ್ತೆಯ ಮುಖ ನೋಡಿದೆ. ಆಮೇಲೆ, ಕೆಲಸ ಹೋದರೆ ಏನು ಗತಿ ಎಂದು ಯೋಚಿಸುತ್ತಲೇ, ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ.

ಅತ್ತೆ ಮಡಿಲಲ್ಲಿದ್ದ ಸೀರೆಯನ್ನೆಲ್ಲ ನೆಲಕ್ಕೆ ಸುರಿದು ಎದ್ದರು. ಏಣಿಯ ಮೆಟ್ಟಿಲು ಬಿರುಕು ಬಿಟ್ಟಿದೆ ಎಂದರು. ಮೊದಲಾಳಿ ಬಗ್ಗಿ ನೋಡಿ, ಎಲ್ಲೂ ಇಲ್ಲ ಎಂದರು. ಇವಳಿಗೆ ಎತ್ತರ ಹತ್ತಿದರೆ ತಲೆ ಸುತ್ತುತ್ತದೆ ಎಂದರು ಅತ್ತೆ. ಹಾಗಾದರೆ ನೀನೇ ಹತ್ತು ಎಂದರು ಮೊದಲಾಳಿ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಸೆರಗು ಬಿಗಿದು ಹತ್ತಿಯೇಬಿಟ್ಟರು. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಆ ಮೊಣಕಾಲು ಅದುರುವುದು ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಮೂರನೆಯದಕ್ಕೆ ಕಾಲು ಏಳಲಿಲ್ಲ. ಮೆಲ್ಲಗೆ ಇಳಿದು, ಏಣಿಯ ಕೆಳಗಿನ ಮೆಟ್ಟಿಲ ಮೇಲೆ, ಯಾರೂ ಹತ್ತಲಾಗದ ಹಾಗೆ, ಕೂತುಬಿಟ್ಟರು.

ಮತ್ತೆ ಎಂಥ ಸುಳ್ಳು ಹುಡುಕುತ್ತಾರೋ ಎಂದು ನಾನು ಕಾಯುತ್ತಿದ್ದೆ.

"ಅವಳು ಬಸುರಿ ಮೊದ್ಲಾಳಿ" ಎಂದರು ಅತ್ತೆ. ದನಿ ಏರಿರಲಿಲ್ಲ. "ಹೋದ ಸಲದ್ದು ಉಳೀಲಿಲ್ಲ. ಅವಳು ಹತ್ತಲ್ಲ. ನಂಗೆ ಆಗಲ್ಲ. ನಾಳೆಯಿಂದ ಬರಬ್ಯಾಡಿ ಅಂದ್ರೆ ಇಬ್ರೂ ಬರಲ್ಲ. ಇವತ್ತೇ ಆಗಬೇಕು ಅಂದ್ರೆ ನೀವೇ ಐದೀರಲ್ಲ."

ಮೊದಲಾಳಿ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು, ಅರ್ಧ ಎಳೆದ ಶಟರಿನ ಕೆಳಗೆ ಕಾಣುತ್ತಿದ್ದ ಎದುರಂಗಡಿಯ ದೀಪಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿ, ಪಂಚೆ ಎತ್ತಿ ಕಟ್ಟಿದರು. ಅತ್ತೆ ಎದ್ದು ದಾರಿ ಬಿಟ್ಟರು. ಮೊದಲಾಳಿ ಏಣಿ ಹತ್ತಿದರು!

ಗಲ್ಲಾದ ಹಿಂದೆ ಕೂತು ಕೂತು ಬೆಳೆದ ದೇಹ ಅದು. ಏಣಿ ಅಯ್ಯಪ್ಪಾ ಎನ್ನುವಂತೆ ಕಿರುಗುಟ್ಟಿತು. ನಾವಿಬ್ಬರೂ ಆಚೆ ಒಬ್ಬರು ಈಚೆ ಒಬ್ಬರು ಹಿಡಿದು ನಿಂತೆವು. ಮೇಲಿನ ಧೂಳಿಗೆ ಸೀನು ಬಂದು ಮೊದಲ ಕಟ್ಟು ಕೈಜಾರಿ ಬಿತ್ತು. ಎರಡನೆಯದನ್ನು ಇಳಿಸುವಷ್ಟರಲ್ಲಿ ಅಂಗಿಯೆಲ್ಲ ಬೆವರು. ನಾಲ್ಕಾರು ಕಟ್ಟು ಇಳಿದ ಮೇಲೆ ಅವರು ಏಣಿಯನ್ನು ತಬ್ಬಿಕೊಂಡು ನಿಂತು, ಟೈಮೆಷ್ಟಾಯಿತು ಎಂದು ಕ್ಷೀಣವಾಗಿ ಕೇಳಿದರು.

"ಗಡಿಯಾರ ನಿಮ್ಮ ಮುಖದ ಮುಂದೇನೇ ಐತೆ" ಎಂದರು ಅತ್ತೆ.

ಇಳಿಯುವಾಗ ಅವರಿಗೆ ಮೆಟ್ಟಿಲು ಸಿಗಲಿಲ್ಲ. ಗಾಳಿಯಲ್ಲಿ ತಡಕಾಡುತ್ತಿದ್ದ ಆ ಪಾದವನ್ನು ಅತ್ತೆ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಟ್ಟರು. ಕೆಳಗೆ ಬಂದವರು ಸೀರೆಗಳ ನಡುವೆಯೇ ಕುಸಿದು ಕೂತು, ನೀರು ಕುಡಿದು, ಸುತ್ತಲೂ ಒಮ್ಮೆ ನೋಡಿದರು. ಮಡಿಸಬೇಕಾದ ರಾಶಿ ಹಾಗೇ ಇತ್ತು, ಅದರ ಮೇಲೆ ಈಗ ರೇಷ್ಮೆಯ ರಾಶಿ ಬೇರೆ.

"ಹೋಗಿ, ಬಸ್ ಹೋಗ್ಬುಡ್ತದೆ. ಇದು ಹಿಂಗೇ ಇರ್ಲಿ" ಎಂದರು. ನಾವು ಶಟರಿನ ಕೆಳಗೆ ಬಗ್ಗುವಾಗ ಹಿಂದಿನಿಂದ, ಎಷ್ಟು ತಿಂಗಳು ಎಂದು ಕೇಳಿದರು. ಅತ್ತೆಯೇ ಹೇಳಿದರು.

ಮರುದಿನ ಹೆದರುತ್ತಲೇ ಬಂದೆವು. ಬಾಗಿಲು ತೆಗೆದಾಗ ಅಂಗಡಿಯ ನಡುವೆ ಆ ರಾಶಿ ಹಾಗೇ ಬಿದ್ದಿತ್ತು. ಎದುರಂಗಡಿಯ ಪೂಜೆಗೆಂದು ಬಂದ ಹೆಂಗಸರು ಈ ರಾಶಿಯನ್ನು ಕಂಡು ಒಳಗೆ ನುಗ್ಗಿ, ಸುತ್ತಲೂ ನೆಲದ ಮೇಲೆ ಕೂತು, ಕಡಲೆಕಾಯಿ ಆರಿಸುವ ಹಾಗೆ ತಾವೇ ಆರಿಸಿಕೊಂಡು ಹೋದರು. ಬಿಚ್ಚಿ ತೋರಿಸುವ ಕೆಲಸವೇ ಇಲ್ಲ! ಆ ಹಬ್ಬದಲ್ಲಿ ಆದಂಥ ವ್ಯಾಪಾರ ಹಿಂದೆ ಆಗಿರಲಿಲ್ಲ. ನೂಲು ಸೀರೆಗಳ ರಾಶಿಯನ್ನು ಆಮೇಲೂ ಹಾಗೇ ಉಳಿಸಿದರು, ಸಂಜೆಯ ಮಡಿಕೆ ಅರ್ಧಕ್ಕರ್ಧ ತಪ್ಪಿತು. ಇದು ಮದರಾಸಿನಲ್ಲಿ ತಾವು ನೋಡಿ ಬಂದ ಹೊಸ ಪದ್ಧತಿ ಎಂದು ಮೊದಲಾಳಿ ಎಲ್ಲರಿಗೂ ಹೇಳುತ್ತಿದ್ದರು.

ನನ್ನ ಬಳಿ ಅವರು ಆ ವಿಷಯ ಎತ್ತಲೇ ಇಲ್ಲ. ಕೈಲಾಗುವವರೆಗೆ ಬರಲಿ, ಹೆರಿಗೆಯಾದ ಮೇಲೂ ಅವಳ ಜಾಗ ಅವಳಿಗೇ ಎಂದು ಅತ್ತೆಯ ಬಳಿ ಹೇಳಿದರಂತೆ. ಹಾಗೇ ನಡೆದುಕೊಂಡರು. ಹೊಸೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಗಟ್ಟಿಮುಟ್ಟಾಗಿದ್ದಳು.

ಈಗ ಇದನ್ನೆಲ್ಲ ನಗುತ್ತಾ ಹೇಳುತ್ತೇನೆ. ಏಣಿಯನ್ನು ತಬ್ಬಿಕೊಂಡ ಮೊದಲಾಳಿಯ ಭಾಗ ಬಂದಾಗ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಆ ರಾತ್ರಿ ಅಂಗಡಿಯಿಂದ ಹೊರಬಿದ್ದಾಗ ಮಾತ್ರ ನಗು ಬಂದಿರಲಿಲ್ಲ. ಅತ್ತೆ ನನ್ನನ್ನು ಓಡಲು ಬಿಡಲಿಲ್ಲ. ತಾವೇ ಕುಂಟುತ್ತಾ ಮುಂದೆ ಹೋಗಿ, ಹೊರಟ ಬಸ್ಸಿನ ಎದುರಿಗೆ ಕೈ ಚಾಚಿ ನಿಂತರು. ಡ್ರೈವರ್ ಬೈದ. ಅತ್ತೆ ತಿರುಗಿ ಬೈಯಲಿಲ್ಲ. ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ತಾವು ಈಚೆ ಕೂತರು.

ಊರಿನ ದೀಪಗಳು ಮುಗಿದ ಮೇಲೆ ರಸ್ತೆ ಬರೀ ಹಳ್ಳ. ಬಸ್ಸು ಒಂದೊಂದರಲ್ಲೂ ಬಿದ್ದು ಏಳುತ್ತಿತ್ತು. ಅತ್ತೆ ಒಂದು ಕೈಯನ್ನು ನನ್ನ ಮುಂದಿನಿಂದ ಚಾಚಿ ಕಿಟಕಿಯ ಸರಳು ಹಿಡಿದುಕೊಂಡರು. ಬಸ್ಸು ಎತ್ತಿಹಾಕಿದರೆ ನಾನು ಮುಂದಿನ ಸೀಟಿಗೆ ತಾಗದೆ ಆ ಕೈಗೆ ತಾಗುತ್ತಿದ್ದೆ. ಅತ್ತೆಗೆ ಮಕ್ಕಳಿರಲಿಲ್ಲ. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ, ಆಗಲೂ ಕೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಆಕೆಯ ತಲೆ ನನ್ನ ಹೆಗಲ ಮೇಲೆ ವಾಲಿತು. ಬಾಯಿ ತೆರೆದುಕೊಂಡು ಗಾಢ ನಿದ್ದೆ.

ಕಂಡಕ್ಟರ್ ಬಂದು ಟಿಕೆಟ್ ಕೇಳಿದ. ಆಕೆಯ ತಲೆ ಅಲುಗದ ಹಾಗೆ ಚಿಲ್ಲರೆ ತೆಗೆದುಕೊಟ್ಟೆ. ಸರಳು ಹಿಡಿದ ಆ ಕೈಯನ್ನು ಬಿಡಿಸಿ ಮಡಿಲಲ್ಲಿಡೋಣ, ಪಾಪ, ಬೆಳಗಿನಿಂದ ದಣಿದ ಕೈ ಎಂದು ಮೆಲ್ಲಗೆ ಬೆರಳು ಹಾಕಿ ನೋಡಿದೆ. ಬಿಡಿಸಲಾಗಲಿಲ್ಲ. ಅಷ್ಟು ನಿದ್ದೆಯಲ್ಲೂ ಆ ಹಿಡಿತ ಕೆಲಮಂಗಲದವರೆಗೆ ಸಡಿಲಾಗಲಿಲ್ಲ.