ಗಾರ್ಡ್ ಸಾಹೇಬರ ದವಡಿ ಹಲ್ಲು

ನನಗ ಹಲ್ಲು ನೋಯಾಕತ್ತಿತಂದ್ರ ಸಾಕು, ವಾಡಿಯ ರೇಲ್ವೆ ಕ್ವಾರ್ಟರ್ಸಿನ ಮಂದಿಗೆ ಹಬ್ಬ. ನೋವು ನಂದು, ನಗಿ ಅವರದು. ಮೊದಲಿನಿಂದ ಇದು ಹಿಂಗೇ ನಡಕೊಂಡು ಬಂದಿತ್ತು.

ಆಗ ನಾನು ಪ್ಯಾಸೆಂಜರ್ ಗಾಡಿಗೆ ಗಾರ್ಡ್. ನಡು ಅಡವ್ಯಾಗ ಗಾಡಿ ನಿಂತ್ರ ಕಂದೀಲು ಹಿಡಕೊಂಡು ಒಬ್ಬನೇ ಇಳದು ಹೋಗಾಂವ ನಾನು. ಆದರ ಹಲ್ಲಿನ ಡಾಕ್ಟರ್ ಬೋರ್ಡ್ ಕಂಡ್ರ ಓಣಿ ಬದ್ಲಿ ಮಾಡತಿದ್ದೆ. ಬಲಗಡಿ ದವಡಿ ಹಲ್ಲು ಹುಳುಕಾಗಿ, ಹಿಂದಿನ ಎಳ್ಳಮಾಸಿ ಹಬ್ಬಕ್ಕ ಸುಲೇಪೇಟದ ಮಾವನ ಹೊಲದಾಗ ಎಲ್ಲಾರು ಖಡಕ್ ರೊಟ್ಟಿ ಕಟಂ ಕಟಂ ಕಡಿಯುವಾಗ, ಅಳಿಯ ಆದ ನಾನು ಗಿಡದ ಕೆಳಗ ಕುಂತು ಅಂಬಲಿ ಕುಡದಿದ್ದೆ. "ಈ ವರ್ಷನೂ ಹಿಂಗೇ ಮಾಡಿದ್ರ ನಾ ನಿಮ್ಮನ್ನ ತವರಿಗಿ ಕರಕೊಂಡೇ ಹೋಗಂಗಿಲ್ಲ ನೋಡ್ರಿ" ಅಂತ ಮನಿಯಾಕಿ ಖಡಾಖಂಡಿತ ಹೇಳಿಬಿಟ್ಟಿದ್ಲು.

೧. ಹಲಗಿ ಸಪ್ಪಳ

ಈ ಅಂಜಿಕಿ ಹುಟ್ಟಿದ್ದು ಚಿತ್ತಾಪುರದ ಸಂತ್ಯಾಗ. ನಾ ಸಣ್ಣಾಂವ ಇದ್ದಾಗ ಅಲ್ಲಿ ಹಲ್ಲು ಕೀಳಾಂವ ಒಬ್ಬ ನೆಲಕ್ಕ ಕುಂದರತಿದ್ದ. ಮುಂದ ಒಂದು ಅರಿವಿ, ಅದರ ಮ್ಯಾಲ ಕಿತ್ತ ಹಲ್ಲಿನ ರಾಶಿ, ಬಾಜೂಕ ಹಲಗಿ ಬಾರಸಾಂವ. ಇಕ್ಕಳ ಬಾಯಾಗ ಹೋತಂದ್ರ ಹಲಗಿ ಜೋರಾಗ್ತಿತ್ತು. ಮುಂದ ಕುಂತಾಂವ ಚೀರೋದು ಪಾಳಿ ಹಚ್ಚಿದ ಗಿರಾಕಿಗೆ ಕೇಳಬಾರದಲ್ಲ! ಅವತ್ತಿನಿಂದ ಹಲಗಿ ಬಡದ್ರ ನನ್ನ ಕೈ ತಾನಾಗೇ ಗಲ್ಲಕ್ಕ ಹೋಗ್ತಿತ್ತು.

ನನ್ನ ಮದವ್ಯಾಗೂ ಹಂಗೇ ಆತು. ಬಾಜಾದಾಗ ಹಲಗಿ ಶುರುವಾದ ಕೂಡಲೇ ಗಲ್ಲ ಹಿಡಕೊಂಡು ಕಣ್ಣು ಮುಚ್ಚಿದೆ. ಹೆಣ್ಣಿನ ಕಡ್ಯಾವರೊಳಗ ಗುಸುಗುಸು. ಮಾವನವರು ಮೆಲ್ಲಕ ನಮ್ಮಪ್ಪನ ಹಂತ್ಯಾಕ ಬಂದು, "ಬೀಗ್ರ, ಹುಡುಗಗ ಹೆಣ್ಣು ಮನಸಿಗಿ ಬಂದಿಲ್ಲೇನ್ರಿ?" ಅಂದ್ರು.

"ಹೆಣ್ಣು ಭಾಳ ಮನಸಿಗಿ ಬಂದಾಳ್ರಿ," ಅಂದ ನಮ್ಮಪ್ಪ, "ಹಲಗಿ ಬಂದಿಲ್ಲ."

೨. ಸೀಟಿ

ದವಡಿ ಬಾತಾಗ ಕ್ವಾರ್ಟರ್ಸಿನಾಗ ಒಬ್ಬೊಬ್ಬರದು ಒಂದೊಂದು ಔಷಧ. ಬಾಜೂ ಮನಿ ಖಾಲಾ ಲವಂಗ ಅರದು ತಂದ್ರು. ಕುಂಚಾವರಂ ಕಡಿ ಪಾಯಿಂಟ್ಸ್‌ಮನ್ ಅಡವ್ಯಾಗಿನ ಬೇರು ತಂದು, ಅಗೀರಿ ಅಂತ ತನ್ನ ತೆಲುಗಿನಾಗ "ನಮಲಂಡಿ ಸಾರ್" ಅಂದ. ಇನ್ನೊಬ್ರು ತಂಬಾಕ ಕೊಟ್ರು. ಯಾರ ಮನಸೂ ಮುರೀಬಾರದಂತ ಎಲ್ಲಾನೂ ಒಮ್ಮೆಲೇ ಬಾಯಾಗ ಇಟಗೊಂಡು ಡ್ಯೂಟಿಗಿ ಹೋದೆ. ತುಟಿ ಜೋಮು ಹಿಡೀತು.

ಸೇಡಂ ಸ್ಟೇಶನ್ ಬಂತು. ಗಾರ್ಡ್ ಸೀಟಿ ಊದಿ, ಹಸಿರು ಝಂಡಿ ಬೀಸಿದ್ರನೇ ಗಾಡಿ ಹೊಂಡಬೇಕು. ಝಂಡಿ ಬೀಸಿದೆ. ಸೀಟಿ ಊದಿದೆ, ಪುಸ್ ಅಂತ ಗಾಳಿ ಬಾಜೂಲೆ ಹೋತು. ಡ್ರೈವರ್ ಹೊಳ್ಳಿ ನೋಡಾಕತ್ತಾನ, ನಾ ಊದಾಕತ್ತೀನಿ, ಬಾಯಾಗಿನ ಲವಂಗ ಹಾರಾಕತ್ತದ. ಡಬ್ಬಿಯೊಳಗಿನ ಮಂದಿ ಕಿಟಕ್ಯಾಗ ತಲಿ ಹಾಕಿ ನಗಾಕತ್ತಾರ. ಕಡೀಕ ಸ್ಟೇಶನ್ ಮಾಸ್ತರ ಓಡಿ ಬಂದು, ಕೈಯಾನ ಸೀಟಿ ಕಸಗೊಂಡು ತಾವೇ ಊದಿದ್ರು.

"ಗಾರ್ಡ್ ಸಾಬ್," ಅಂದ್ರು, "ಮೊದಲು ಆ ಹಲ್ಲಿಗಿ ಲೈನ್ ಕ್ಲಿಯರ್ ಕೊಡ್ರಿ, ಆಮ್ಯಾಲ ಗಾಡಿಗಿ!"

೩. ಶಹಾಬಾದದ ಚಾ

ಶಹಾಬಾದದಾಗ ಒಂದು ಚಾದಂಗಡಿ ಮ್ಯಾಲಿನ ಮಾಳಗ್ಯಾಗ ಹಲ್ಲಿನ ಡಾಕ್ಟರ್ ಇದ್ರು. ರಜಾ ಹಾಕಿ ಹೋದೆ. ಮೆಟ್ಟಲ ಮ್ಯಾಲ ಕಾಲಿಟ್ಟೆ, ನೋವು ಮಾಯ! ನೋವೇ ಇಲ್ಲಂದ್ಮ್ಯಾಲ ಡಾಕ್ಟರ್ ಯಾಕ ಬೇಕು ಅಂತ ಕೆಳಗ ಚಾ ಕುಡದು ಹೊಳ್ಳಿ ಬಂದೆ. ಮುಂದಿನ ವಾರಾನೂ ಹಂಗೇ, ಅದರ ಮುಂದಿನ ವಾರಾನೂ ಹಂಗೇ.

ಒಂದಿನ ನನ್ನ ಎದುರಿಗಿ ಒಬ್ರು ಬಂದು ಕುಂತ್ರು. "ಮ್ಯಾಲಿನ ಡಾಕ್ಟರ್ ಕಡಿ ಬಂದೀರೇನ್ರಿ?"

"ಬಂದಿದ್ದು ಹೌದ್ರಿ. ಖರೆ, ಅಂವ ಡಾಕ್ಟರ್ ಅಲ್ಲ, ಕಸಾಯಿ ಅಂತ್ರಿ. ಎದಿ ಮ್ಯಾಲ ಮೊಳಕಾಲೂರಿ ಕೀಳ್ತಾನಂತ."

"ನಾನೂ ಕೇಳೀನ್ರಿ," ಅಂದ್ರು ಅವರು, ಚಾ ಬಸಿಗಿ ಸುರುವಿಕೋತ. "ಯಾವ ಹಲ್ಲು?"

ಬಾಯಿ ತಗದು ತೋರಿಸಿದೆ. ಗದ್ದ ಹಿಡದು ಬೆಳಕಿಗಿ ಹೊಳ್ಳಿಸಿ ನೋಡಿದ್ರು. ಇಲ್ಲಿ ನೋಯ್ತದೇನು, ಅಲ್ಲಿ ನೋಯ್ತದೇನು ಅಂತ ಕೇಳಿದ್ರು. ಭಾಳ ಅಂತಃಕರಣದ ಮನಷ್ಯಾ ಅನಿಸ್ತು. ಅಷ್ಟರಾಗ ಚಾದಂಗಡಿಯಾಂವ ಒದರಿದ: "ಡಾಕ್ಟರ್ ಸಾಬ್, ಮ್ಯಾಲ ಪೇಶಂಟ್ ಬಂದಾರ್ರೀ!"

ನನ್ನ ಬಾಯಿ ತಗದದ್ದು ತಗದೇ ಇತ್ತು.

"ಅರ್ಧಾ ಕೆಲಸ ಇಲ್ಲೇ ಆತು," ಅಂತ ಅವರು ಎದ್ರು. "ಉಳದ ಅರ್ಧಾಕ್ಕ ಮ್ಯಾಲ ಬರ್ರಿ. ಅಂಜಬ್ಯಾಡ್ರಿ, ಮೊಳಕಾಲು ಹಚ್ಚಂಗಿಲ್ಲ."

ಅವರು ಮ್ಯಾಲ ಹತ್ತಿದ್ರು, ನಾನು ಸ್ಟೇಶನ್ ಕಡಿ ಓಡಿದೆ.

೪. ಝಂಡಿ

ಎಳ್ಳಮಾಸಿ ಹತ್ತರ ಬಂತು. ಒಂದಿನ ಡ್ಯೂಟಿ ಮುಗಿಸಿ ವಾಡ್ಯಾಗ ಇಳೀತೀನಿ, ಪ್ಲಾಟ್‌ಫಾರ್ಮ್ ಮ್ಯಾಲ ಮನಿಯಾಕಿ ನಿಂತಾಳ. "ಅಂಗಿ ಬದ್ಲಿ ಮಾಡೋದು ಏನೂ ಬ್ಯಾಡ. ಶಹಾಬಾದಕ್ಕ ಗಾಡಿ ನಿಂತದ, ಹತ್ರಿ." ಬಗಲಾಗ ಕೆಂಪು ಒಂದು, ಹಸಿರು ಒಂದು, ಎರಡೂ ಝಂಡಿ ಇಟಗೊಂಡೇ ಹೋದೆ. ಈ ಸಲ ಚಾದಂಗಡಿ ಮುಂದ ಆಕಿ ನಿಲ್ಲಾಕ ಬಿಡಲಿಲ್ಲ.

ಝಂಡಿ ಮನಿಯಾಕಿ ಕೈಯಾಗ ಕೊಟ್ಟು ಕುರ್ಚ್ಯಾಗ ಕುಂತೆ, ಡಾಕ್ಟರ್ ಇಂಜೆಕ್ಷನ್ ಕೊಟ್ರು. ನಾ ಬಾಗಲ ಕಡಿನೇ ನೋಡೋದು ಕಂಡು, ಝಂಡಿ ಕಡಿ ಬಟ್ಟು ಮಾಡಿ ನಕ್ರು. "ಗಾರ್ಡ್ ಸಾಬ್, ನಿಮ್ಮ ರೇಲ್ವೆ ಕಾನೂನಿನಂಗೇ ಮಾಡೋಣು. ನೋವಾದ್ರ ಕೆಂಪು ಝಂಡಿ ಬೀಸ್ರಿ, ಅಲ್ಲೇ ನಿಲ್ಲಸ್ತೀನಿ. ಮಾತಂದ್ರ ಮಾತು."

ಎದಿ ಹಗುರಾತು. ಕೆಂಪು ಝಂಡಿ ಕಂಡು ನಿಲ್ಲದ ಗಾಡಿ ನಾ ನೋಡೇ ಇಲ್ಲ. ಕಣ್ಣು ಗಟ್ಟಿ ಮುಚ್ಚಿ, ಕೈ ಚಾಚಿ, "ಕೆಂಪು ಕೊಡು" ಅಂದೆ. ಮನಿಯಾಕಿ ಕೈಯಾಗ ಝಂಡಿ ಇಟ್ಲು.

ಇಕ್ಕಳ ಹಲ್ಲಿಗಿ ತಾಗಿದ್ದು ಗೊತ್ತಾತು. ನೋವಿಲ್ಲ. ಆದರ ಅಂಜಿಕಿ ಬಿಡಬೇಕಲ್ಲ! ಬೀಸಿದೆ. ಡಾಕ್ಟರ್ ನಿಲ್ಲಸಲಿಲ್ಲ. ಜೋರ್ ಬೀಸಿದೆ. ನಿಲ್ಲಸಲಿಲ್ಲ. ಇನ್ನೂ ಜೋರ್ ಬೀಸಿದೆ, ಝಂಡಿ ಹೋಗಿ ಡಾಕ್ಟರ್ ಚಸ್ಮಾಕ ಬಡೀತು. ಕಟಕ್!

ಕಣ್ಣು ತಗದೆ. ಸ್ಟೀಲಿನ ಬಸ್ಯಾಗ ಹಲ್ಲು, ನನ್ನ ಕೈಯಾಗ ಹಸಿರು ಝಂಡಿ.

"ಮಾತು ಕೊಟ್ಟಿದ್ರಲ್ರಿ!" ಅಂತ ಹತ್ತಿ ತುಂಬಿದ ಬಾಯಿಲೇ ಚೀರಿದೆ.

"ನನ್ನ ಮ್ಯಾಲ ಯಾಕ ಸಿಟ್ಟು?" ಅಂದ್ರು ಡಾಕ್ಟರ್, ಚಸ್ಮಾ ಸರಿ ಮಾಡಿಕೋತ. "ಗಾರ್ಡ್ ಸಾಬ್ರೇ ಇಷ್ಟು ಜೋರ್ ಹಸಿರು ತೋರಿಸಿದ್ಮ್ಯಾಲ ಗಾಡಿ ನಿಲ್ಲಸಾಕ ಬರ್ತದೇನ್ರಿ?"

ಮನಿಯಾಕಿ ಕಡಿ ಹೊಳ್ಳಿದೆ. ಕೆಂಪು ಝಂಡಿ ಆಕಿ ಉಡ್ಯಾಗ ಸುತ್ತಿ ಇತ್ತು. "ಇದನ್ನ ಕೊಟ್ಟಿದ್ರ ಈ ವರ್ಷನೂ ಅಂಬಲಿನೇ," ಅಂದ್ಲು.

ಬಯ್ಯಬೇಕಂತ ಬಾಯಿ ತಗದೆ. ನಾಲಿಗಿ ಆ ಖಾಲಿ ಜಾಗಾಕ್ಕ ಹೋತು. ನೋವಿಲ್ಲ! ಸಂತ್ಯಾಗಿನ ಹಲಗಿಯಿಂದ ಶುರುವಾದ ಅಂಜಿಕಿ ಒಂದು ಕಟಕ್‌ನಾಗ ಮುಗದು ಹೋಗಿತ್ತು. ಇಷ್ಟಕ್ಕ ಇಷ್ಟು ವರ್ಷ ಅಂಜಿದ್ನಾ ಅಂತ ನಗಿ ಬಂತು, ಕಣ್ಣಾಗ ನೀರೂ ಬಂತು. ಖರೆ ಹೇಳ್ತೀನಿ, ಅವತ್ತು ಮನಿಗಿ ಹೋಗಾಗ ನನ್ನಂಥಾ ಹಗುರ ಮನಷ್ಯಾ ಆ ಗಾಡ್ಯಾಗ ಇದ್ದಿಲ್ಲ.

ಎಳ್ಳಮಾಸಿಗಿ ಮಾವನ ಹೊಲದಾಗ ಭೂಮ್ತಾಯಿಗಿ ಎಡಿ ಅಂತ ಚರಗ ಚೆಲ್ಲಿ ಎಲ್ಲಾರು ಎರಡು ಸಾಲಾಗಿ ಊಟಕ್ಕ ಕುಂತ್ವಿ. ಖಡಕ್ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ. ಬಲಗಡಿನೂ ಕಡದೆ, ಎಡಗಡಿನೂ ಕಡದೆ. ಹೊಟ್ಟಿ ಬಿರಿಯುವಂಗ ಆತು. ಅತ್ತಿ ರೊಟ್ಟಿ ಬುಟ್ಟಿ ಹಿಡಕೊಂಡು ಬಂದು, "ಇನ್ನೊಂದು ಹಾಕಲೇನ್ರಿ ಅಳಿಯಂದ್ರ?" ಅಂದ್ರು. ಸಾಕ್ರಿ ಅಂತ ನಾ ಎರಡೂ ಕೈ ಅಡ್ಡ ಹಿಡದೆ.

ಆಚಿ ಸಾಲಿನಿಂದ ಮನಿಯಾಕಿ ತನ್ನ ಹಸಿರು ಸೀರಿ ಸೆರಗು ಬೀಸಿದ್ಲು. ಅತ್ತಿ ಎರಡು ರೊಟ್ಟಿ ಹಾಕಿ ಮುಂದ ಹೋದ್ರು.