ರಾಮನ ಕಪ್ಪು, ನನ್ನ ಕಪ್ಪು

ದೇವರು ನನ್ನ ಮುಖದ ಮೇಲೆ ಏನು ಬರೆದಿದ್ದಾನೋ ನನಗೆ ಗೊತ್ತಿಲ್ಲ. ನಾಟಕದ ಮೇಷ್ಟ್ರಿಗೆ ಮಾತ್ರ ಅದನ್ನು ದೂರದಿಂದಲೇ ‘ರಾವಣ’ ಎಂದು ಓದಲು ಬರುತ್ತದೆ. ಬಣ್ಣ ಕಪ್ಪು, ಮೀಸೆ ದಪ್ಪ, ಹೊಟ್ಟೆ ಧಾರಾಳ. ಬಾಳ್ಳುಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನಾನು ಜಿರಲೆ ಕಂಡರೆ ಹೆಂಡತಿಯನ್ನು ಕೂಗುವವನು. ಇದು ಊರಿಗೆಲ್ಲ ಗೊತ್ತು. ಆದರೂ ತೊಂಬತ್ತರ ದಶಕದುದ್ದಕ್ಕೂ ನಮ್ಮೂರ ಹವ್ಯಾಸಿಗಳ ರಾಮಾಯಣದಲ್ಲಿ ಸೀತೆಯನ್ನು ಕದಿಯುವ ಕೆಲಸ ನನ್ನದೇ. ರಾಮನ ಪಾತ್ರ ವನಗೂರಿನ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಲಿಂಗರಾಜುವಿಗೆ ಮೀಸಲು. ಹಾಲಿನಂಥ ಮೈಬಣ್ಣ. ಬೇಲಿ ಒಂದು ಮೊಳ ಸರಿಯಿತೆಂದು ಒಡಹುಟ್ಟಿದ ತಮ್ಮನ ಮೇಲೆ ಕೇಸು ಹಾಕಿದ ಪುಣ್ಯಾತ್ಮ, ಸ್ಟೇಜಿನ ಮೇಲೆ ಭರತನಿಗೆ ರಾಜ್ಯ ಬಿಟ್ಟುಕೊಟ್ಟು ಹೆಂಗಸರ ಕಣ್ಣಲ್ಲಿ ನೀರು ತರಿಸುತ್ತಿದ್ದ.

ನನಗೆ ಇದರಿಂದ ಬೇಸರವಿರಲಿಲ್ಲ ಎಂದರೆ ಸುಳ್ಳು. ಆದರೆ ನಿಜವಾಗಿ ನೊಂದವಳು ನನ್ನ ಹೆಂಡತಿ ಶಾಂತ. ಅವಳದೂ ನನ್ನದೇ ಬಣ್ಣ. ದಿನಸಿ ಅಂಗಡಿಗೆ ಹೋದರೆ “ಮಂಡೋದರಿ ಬಂದ್ಲು ಕಣೋ, ಸಕ್ರೆ ತೂಗು” ಎಂದು ನಗುತ್ತಿದ್ದರಂತೆ. ಒಂದು ದಿನ ಚೀಲವನ್ನು ನನ್ನ ಮುಂದೆ ಕುಕ್ಕಿ, “ಒಂದ್ಸಲ ರಾಮ ಆಗ್ಬುಡಿ, ಇವ್ರ ಬಾಯಿ ಮುಚ್ಕಂತದೆ. ಇಲ್ಲಾಂದ್ರೆ ನಾಟ್ಕನೇ ಬಿಟ್ಬುಡಿ” ಎಂದಳು. ನನಗೂ ಸಂಕಟವಾಯಿತು.

ಆ ವರ್ಷ ಲಿಂಗರಾಜು ಜೀಪಿನಿಂದ ಬಿದ್ದು ಕಾಲು ಮುರಿದುಕೊಂಡ. ನನಗೆ ಸಂತೋಷವಾಯಿತು ಎಂದು ಬರೆಯಬಾರದು. ಕಿತ್ತಳೆ ಹಣ್ಣು ತೆಗೆದುಕೊಂಡು ನೋಡಿ ಬಂದೆ. ವರ್ಷಗಟ್ಟಲೆ ಎದುರು ನಿಂತು ಬಾಣ ತಿಂದವನಿಗೆ ರಾಮನ ಮಾತೆಲ್ಲ ಬಾಯಿಪಾಠ. ಮೇಷ್ಟ್ರ ಬಳಿ ಹೋಗಿ, “ಶ್ರೀರಾಮನೂ ಕಪ್ಪೇ ಅಲ್ವಾ ಮೇಷ್ಟ್ರೇ?” ಎಂದೆ. ಅವರು ಹಾರ್ಮೋನಿಯಂ ಮುಚ್ಚಿ, “ರಾಮನ ಕಪ್ಪೇ ಬೇರೆ ಐತೆ, ನಿಮ್ಮ ಕಪ್ಪೇ ಬೇರೆ ಐತೆ ಕಣ್ರೀ” ಎಂದರು. ಬಣ್ಣ ಹಚ್ಚುವ ಸಿದ್ದಪ್ಪ ಬಿಡಿಸಿ ಹೇಳಿದ: “ಲಿಂಗ್ರಾಜಣ್ಣಂಗಾದ್ರೆ ಸೀದಾ ನೀಲಿ ಬಳುದ್ರೆ ಆಯ್ತು. ನಿಮ್ನ ಮೊದ್ಲು ಬೆಳ್ಳಗೆ ಮಾಡ್ಬೇಕು, ಆಮೇಲೆ ಅದ್ರ ಮ್ಯಾಲೆ ಕಪ್ಪಗೆ ಮಾಡ್ಬೇಕು ಮಾರಾಯ್ರೆ!” ಬೇರೆ ಯಾರಿಗೂ ರಾಮನ ಮಾತು ಬಾರದ್ದರಿಂದ ಪಾತ್ರ ಕೊನೆಗೆ ನನಗೇ ಬಂತು. ಅಂದು ಶಾಂತ ಪಾಯಸ ಮಾಡಿದಳು.

ನಾಟಕದ ದಿನ ಬಿಳಿ ಬಳಿಸಿಕೊಂಡು, ಅದರ ಮೇಲೆ ನೀಲಿ ಬಳಿಸಿಕೊಂಡು ಕನ್ನಡಿ ನೋಡಿದೆ. ನನ್ನ ಮೇಲೆ ನನಗೇ ಭಕ್ತಿ ಬಂತು. ಅಷ್ಟರಲ್ಲಿ ಸೀತೆಯ ಪಾತ್ರಕ್ಕೆಂದು ಹಾಸನದಿಂದ ಕರೆಸಿದ್ದ ಕಲಾವಿದೆ ಒಳಗೆ ಬಂದರು. ಅವರ ಕಂಠವನ್ನು ಎಲ್ಲರೂ ಹೊಗಳಿದ್ದರು, ಬಣ್ಣದ ಬಗ್ಗೆ ಯಾರೂ ಹೇಳಿರಲಿಲ್ಲ. ನಾನು ಸಿದ್ದಪ್ಪನನ್ನು ಹತ್ತಿರ ಕರೆದು ಪಿಸುಗುಟ್ಟಿದೆ: “ಸೀತೆ ಅಂದ್ರೆ ಒಂದು ಲಕ್ಷಣ ಬೇಡ್ವೇನೋ? ನನ್ನ ಪಕ್ಕ ನಿಲ್ಲೋಳು. ಬಿಳಿ ಇನ್ನೆರಡು ಕೋಟ್ ಜಾಸ್ತಿ ಬಳಿ.”

ಹಿಂದೆ ಕಾಫಿ ಫ್ಲಾಸ್ಕ್ ಹಿಡಿದು ಶಾಂತ ನಿಂತಿದ್ದಳು.

“ಸಿದ್ದಪ್ಪ, ಡಬ್ಬೀಲಿ ನಂಗೂ ಒಂದಿಷ್ಟು ಉಳ್ಸಪ್ಪ,” ಎಂದಳು. “ನಾಟ್ಕ ಮುಗುದ್ಮ್ಯಾಲೆ ರಾಮನ ಜೊತೆ ನಾನೂ ಮನೆಗೆ ಹೋಗ್ಬೇಕಲ್ಲ.”

ಹತ್ತು ತಲೆ ಹೊತ್ತು ಮೆರೆದಿದ್ದವನಿಗೆ, ಇದ್ದ ಒಂದು ತಲೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.