ದೂಜನ ಮಂಗಳವಾರ

ಮುಂಬಯಿಯ ಸಯನ್‌ನಲ್ಲಿರುವ ನಮ್ಮ ಟ್ರಸ್ಟ್ ಆಸ್ಪತ್ರೆಯಲ್ಲಿ ಮಂಗಳವಾರದಂದು ಲಿವರ್ ಸ್ಕ್ಯಾನ್ ಮಾಡತಕ್ಕದ್ದಲ್ಲ ಎಂಬ ಆದೇಶ ಕಳೆದ ಜೂನ್ ಒಂದರಿಂದ ಜಾರಿಯಲ್ಲಿದೆ. ಇದಕ್ಕೂ ಜ್ಯೋತಿಷ್ಯಕ್ಕೂ ಸಂಬಂಧವಿಲ್ಲ. ಕಾರಣ ವೈಜ್ಞಾನಿಕವಾದದ್ದು.

ಸ್ಕ್ಯಾನ್ ನೋಡಿ ಲಿವರ್ ಕ್ಯಾನ್ಸರ್ ಗುರುತಿಸುವ ಕಂಪ್ಯೂಟರೊಂದನ್ನು ಆಸ್ಪತ್ರೆ ತರಿಸಿತು. ಕಲಿಯಲೆಂದು ಅದಕ್ಕೆ ನಾಲ್ಕು ವರ್ಷದ ಹಳೆಯ ಸ್ಕ್ಯಾನುಗಳನ್ನು ಕೊಡಲಾಯಿತು. ನಮ್ಮಲ್ಲಿ ಕ್ಯಾನ್ಸರ್ ತಜ್ಞರು ಬರುವುದು ಮಂಗಳವಾರ ಮಾತ್ರ. ಅನುಮಾನವಿರುವ ರೋಗಿಗಳ ಸ್ಕ್ಯಾನ್ ಅಂದೇ ಮಾಡುವುದು ಪದ್ಧತಿ. ಉಳಿದ ದಿನ ಬರುವವರು ಫೋರ್ಟ್‌ನ ಬ್ಯಾಂಕುಗಳಿಂದ ವಾರ್ಷಿಕ ತಪಾಸಣೆಗೆ ಕಳಿಸಿದ ಆರೋಗ್ಯವಂತರು. ಕಂಪ್ಯೂಟರು ಎಲ್ಲವನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿ, ಲಿವರ್ ನೋಡುವುದು ಅನವಶ್ಯಕವೆಂದು ಕಂಡುಕೊಂಡಿತು. ಚಿತ್ರದ ಮೂಲೆಯಲ್ಲಿ ವಾರದ ಹೆಸರು ಅಚ್ಚಾಗಿರುತ್ತದೆ. ಮಂಗಳವಾರವಾದರೆ ಕ್ಯಾನ್ಸರ್.

ಇದನ್ನು ಪತ್ತೆ ಮಾಡಿದವರು ಸ್ಕ್ಯಾನ್ ವಿಭಾಗದ ಡಾ. ಸಾಧನಾ. ಕಂಪ್ಯೂಟರಿಗೆ ಮತ್ತೆ ಪಾಠ ಹೇಳಬೇಕೆಂದು ವರದಿ ಬರೆದರು. ಆಡಳಿತಾಧಿಕಾರಿ ಕೇಶವಮೂರ್ತಿಯವರು ಅದನ್ನು ಎರಡು ಸಲ ಓದಿ, ದೋಷ ಮಂಗಳವಾರದ್ದೆಂದು ನಿರ್ಣಯಿಸಿದರು. ಆದೇಶ ಹೊರಟಿತು. ಮುಂದಿನ ಮೂರು ತಿಂಗಳು ಆಸ್ಪತ್ರೆಯಲ್ಲಿ ಒಂದೂ ಲಿವರ್ ಕ್ಯಾನ್ಸರ್ ಕಂಡುಬರಲಿಲ್ಲ. ಟ್ರಸ್ಟಿಗಳು ಕೇಶವಮೂರ್ತಿಯವರಿಗೆ ಶಾಲು ಹೊದಿಸಿದರು.

ಆಗ ದೂಜ ಬಂದ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ದೋಸೆ ಹುಯ್ಯುತ್ತಿದ್ದವನು. ಗುರುವಾರ ಸ್ಕ್ಯಾನ್ ಆಯಿತು. ಲಿವರಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ ಸಾಧನಾರಿಗೆ ಕಂಡಿತು, ತಜ್ಞರಿಗೂ ಕಂಡಿತು. ಈ ತಿಂಗಳೇ ತೆಗೆಯದಿದ್ದರೆ ಉಳಿಯುವುದು ಕಷ್ಟ ಎಂದರು. ಕಂಪ್ಯೂಟರಿಗೆ ಗುರುವಾರ ಕಂಡಿತು. ರೋಗವಿಲ್ಲ ಎಂದಿತು. ಕಂಪ್ಯೂಟರಿನ ಒಪ್ಪಿಗೆಯಿಲ್ಲದೆ ಆಪರೇಷನ್ ಥಿಯೇಟರ್ ಕೊಡುವಂತಿಲ್ಲ, ನಿಯಮ ಹನ್ನೊಂದು.

ದೂಜನ ಹೆಂಡತಿ ಸೇವಂತಿ ಆಡಳಿತಾಧಿಕಾರಿಯ ಮೇಜಿನ ಮುಂದೆ ನಿಂತಳು. ಅವರು ಅಭಿನಂದಿಸಿದರು.

"ನಿಮ್ಮ ಯಜಮಾನರಿಗೆ ಏನೂ ಇಲ್ಲವಂತಲ್ಲಮ್ಮ."

"ಡಾಕ್ಟ್ರಮ್ಮ ಗಡ್ಡೆ ತೋರಿಸಿದ್ರು ಸರ್. ನಾನೇ ನೋಡಿದ್ದೇನೆ."

"ನೀವು ನೋಡಿದ್ದಕ್ಕೆ ನಮ್ಮಲ್ಲಿ ಕಾಲಂ ಇಲ್ಲ."

"ಹಾಗಾದ್ರೆ ಮಂಗಳವಾರ ಒಂದು ಸ್ಕ್ಯಾನ್ ಮಾಡಿಸಿ."

"ಮಂಗಳವಾರ ಬಂದ್ ಆಗಿದೆಯಲ್ಲ."

ಸೇವಂತಿ ಅಲ್ಲೇ ನೆಲದ ಮೇಲೆ ಕೂತಳು. ಆಪರೇಷನ್ನಿಗೆ ದಿನ ಸಿಗುವ ತನಕ ಏಳುವುದಿಲ್ಲ ಎಂದಳು. ಕಸ ಗುಡಿಸುವವರು ಅವಳ ಸುತ್ತ ಗುಡಿಸಿದರು. ಕೇಶವಮೂರ್ತಿಯವರು ನಿರ್ದಯರೇನಲ್ಲ, ಫೈಲಿನೊಳಗೆ ದಾರಿಯಿದ್ದರೆ ಅದರಲ್ಲಿ ನಡೆಯಬಲ್ಲವರು. ಎರಡನೆಯ ದಿನ ಆದೇಶ ಟೈಪಾಯಿತು:

"ರೋಗಿ ದೂಜ ಇವರ ಮಟ್ಟಿಗೆ ಎಲ್ಲ ದಿನಗಳನ್ನೂ ಮಂಗಳವಾರವೆಂದು ಪರಿಗಣಿಸತಕ್ಕದ್ದು. ಮಂಗಳವಾರದ ನಿಷೇಧವು ಸಾರ್ವಜನಿಕ ಮಂಗಳವಾರಕ್ಕೆ ಮಾತ್ರ ಅನ್ವಯವಾಗುವುದು, ಖಾಸಗಿ ಮಂಗಳವಾರಕ್ಕಲ್ಲ. ಒಮ್ಮೆ ನೀಡಿದ ವಾರವನ್ನು ಹಿಂಪಡೆಯಲಾಗುವುದಿಲ್ಲ."

ಶನಿವಾರ ಸ್ಕ್ಯಾನ್ ಆಯಿತು. ಮೂಲೆಯಲ್ಲಿ ಮಂಗಳವಾರ ಎಂದು ಅಚ್ಚಾಯಿತು. ಶೇಕಡಾ ತೊಂಬತ್ತೇಳು ಕ್ಯಾನ್ಸರ್ ಎಂದಿತು ಕಂಪ್ಯೂಟರು. ಅದರ ನಿಖರತೆಯನ್ನು ಟ್ರಸ್ಟಿಗಳು ಮೆಚ್ಚಿದರು. ಗಡ್ಡೆ ಪೂರ್ತಿ ಹೊರಬಂತು. ದೂಜ ಬದುಕಿದ.

ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಸಾಧನಾರಿಗೆ ಶುದ್ಧವಾದ ಲಿವರ್ ಕಂಡಿತು. ಕಂಪ್ಯೂಟರಿಗೆ ಮಂಗಳವಾರ ಕಂಡಿತು. ಹೀಗಾಗಿ ದೂಜನಿಗೆ ಗುಣವಾದ ಸರ್ಟಿಫಿಕೇಟು ಸಿಗಲಿಲ್ಲ. ಅದರ ಬದಲು ಆದೇಶದ ದೃಢೀಕೃತ ಪ್ರತಿ ಕೊಟ್ಟರು. ದೂಜ ಅದನ್ನೇ ಹೋಟೆಲಿನ ಧಣಿಗೆ ಒಪ್ಪಿಸಿ ಕೆಲಸಕ್ಕೆ ಸೇರಿದ. ಧಣಿ ಓದಿ ಜೋಪಾನವಾಗಿ ಎತ್ತಿಟ್ಟರು.

ಎರಡು ವಾರ ಕಳೆದು ದೂಜ ವಾರದ ರಜೆ ಕೇಳಿದ. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿದೆ ಎಂದ.

"ನಮ್ಮಲ್ಲಿ ರಜೆ ಸೋಮವಾರ," ಎಂದರು ಧಣಿ. "ನಿನಗೆ ಸೋಮವಾರ ಎಲ್ಲಿದೆ ಮಾರಾಯ?"

ದೂಜ ಆದೇಶ ತರಿಸಿಕೊಂಡು ಮೊದಲಿಂದ ಓದಿದ. ಧಣಿ ಹೇಳಿದ್ದು ಸರಿಯಾಗಿಯೇ ಇತ್ತು. ಕಾವಲಿಗೆ ನೀರು ಚಿಮುಕಿಸಿ ಮುಂದಿನ ದೋಸೆ ಹುಯ್ದ.